‘ಕಡಲಾಚೆಯ ಗುತ್ತಿಗೆ’ ಅಂದರೆ ಓದುವವರಿಗೆ ಏನು ತಿಳಿಯುತ್ತದೆ?

ಗೆಳೆಯರಿಗೆ ನಮಸ್ಕಾರ.

ಸಮುದ್ರದಲ್ಲಿ ಗಾಳಿಯಂತ್ರ ನಿಲ್ಲಿಸಿ ಕರೆಂಟ್ ತೆಗೆಯುವ ಯೋಜನೆಗಳ ಬಗ್ಗೆ ಒಂದು ಸಣ್ಣ ಪುಸ್ತಿಕೆ ಬರೆಯುತ್ತಿದ್ದೇನೆ. ಜಾಗ ಹೇಗೆ ಆರಿಸುತ್ತಾರೆ, ಟೆಂಡರ್ ಹೇಗೆ ಕರೆಯುತ್ತಾರೆ, ಇಷ್ಟೇ ವಿಷಯ. ಹತ್ತನೇ ತರಗತಿ ಓದಿದವರಿಗೂ ಸಲೀಸಾಗಿ ತಿಳಿಯಬೇಕು ಅನ್ನುವುದು ಆಸೆ. ಮೊದಲ ಪುಟವನ್ನು ಗಂಗೊಳ್ಳಿಯಲ್ಲಿರುವ ನನ್ನ ಮಾವನಿಗೆ ಓದಿ ಹೇಳಿದೆ. ಅವರು ಬಹಳ ವರ್ಷ ಬೋಟಿನಲ್ಲಿ ದುಡಿದವರು. ವಾಕ್ಯ ಹೀಗಿತ್ತು: ‘ಗುಜರಾತ್ ಮತ್ತು ತಮಿಳುನಾಡಿನಲ್ಲಿ ಕಡಲಾಚೆಯ ಪವನ ವಿದ್ಯುತ್ ಯೋಜನೆಗಳ ಗುತ್ತಿಗೆಗೆ 2024ರಲ್ಲಿ ಟೆಂಡರ್ ಕರೆಯಲಾಯಿತು.’

ಮಾವ ಎರಡು ಪ್ರಶ್ನೆ ಕೇಳಿದರು. ‘ಕಡಲಾಚೆ ಅಂದ್ರೆ ಯಾವ ದೇಶ ಮಾರಾಯಾ?’ ಆಮೇಲೆ, ‘ಗುತ್ತಿಗೆ ಅಂದ್ರೆ ಕಂಬ ನಿಲ್ಲಿಸುವ ಕಂತ್ರಾಟೋ, ಸಮುದ್ರವನ್ನೇ ಗೇಣಿಗೆ ಕೊಡುವುದೋ?’

ಎರಡಕ್ಕೂ ನನ್ನ ವಾಕ್ಯದಲ್ಲಿ ಉತ್ತರ ಇರಲಿಲ್ಲ. ಬರವಣಿಗೆ ಅಲ್ಲೇ ನಿಂತಿದೆ. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇನೆ.

ಮೊದಲು ‘ಕಡಲಾಚೆ’. ಇಂಗ್ಲಿಷಿನ ‘ಆಫ್‌ಶೋರ್’ಗೆ ಪತ್ರಿಕೆಗಳಲ್ಲಿ, ಸರಕಾರಿ ಪ್ರಕಟಣೆಗಳಲ್ಲಿ ಈಗ ಓಡುತ್ತಿರುವ ಪದ ಇದು. ಆದರೆ ‘ಕಡಲಾಚೆಯ ಕನ್ನಡಿಗರು’ ಅಂದಾಗ ಕಣ್ಣ ಮುಂದೆ ಬರುವವರು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ಇರುವವರು, ಅಲ್ವಾ? ಹೊಳೆಯಾಚೆ ಅಂದರೆ ಹೊಳೆ ದಾಟಿದ ಮೇಲೆ ಸಿಗುವ ದಡ. ಗುಡ್ಡದಾಚೆ ಅಂದರೆ ಗುಡ್ಡ ಹತ್ತಿ ಇಳಿದರೆ ಸಿಗುವ ಊರು. ‘ಆಚೆ’ ಅನ್ನಬೇಕಾದರೆ ನಡುವೆ ಇರುವುದನ್ನು ದಾಟಬೇಕು. ಈ ಯಂತ್ರಗಳು ಕಡಲನ್ನು ದಾಟಿಲ್ಲ. ಕಡಲಲ್ಲೇ ಕಾಲೂರಿ ನಿಂತಿವೆ.

ಲೋಕದಲ್ಲಿ ಇಂಥದ್ದನ್ನು ಮೊದಲು ಕಟ್ಟಿದವರು ಡೆನ್ಮಾರ್ಕಿನವರು. 1991ರಲ್ಲಿ, ವಿಂಡೆಬಿ ಅನ್ನುವ ಕಡೆ. 11 ಯಂತ್ರ, ಎಲ್ಲ ಸೇರಿ ಸುಮಾರು 5 ಮೆಗಾವಾಟ್. ದಡದಿಂದ ಎರಡು ಮೂರು ಕಿಲೋಮೀಟರ್ ದೂರ, ನಾಲ್ಕು ಮೀಟರ್‌ಗಿಂತ ಜಾಸ್ತಿ ಆಳವೂ ಇಲ್ಲದ ನೀರು. 2017ರಲ್ಲಿ ಅದನ್ನು ಬಿಚ್ಚಿ ತೆಗೆದರು. ಇದನ್ನು ‘ಕಡಲಾಚೆ’ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ‘ಆಳಸಮುದ್ರದ’ ಅಂತ ಬರೆದರೂ ತಪ್ಪು. ಮಲ್ಪೆಯಲ್ಲಿ ಆಳಸಮುದ್ರ ಅಂದರೆ ಹತ್ತಾರು ದಿನಕ್ಕೆ ಡೀಸೆಲ್, ಐಸು, ಅಕ್ಕಿ ತುಂಬಿಕೊಂಡು ಹೊರಡುವ ಬೋಟಿನ ಮಾತು.

ನನ್ನ ಒಲವು ‘ಕಡಲೊಳಗಿನ’ ಅನ್ನುವ ಕಡೆಗೆ. ಒಂದೇ ಅಳುಕು. ಕಡಲೊಳಗೆ ಅಂದರೆ ನೀರಿನ ಅಡಿಯಲ್ಲಿ ಅಂತ ಯಾರಾದರೂ ತಿಳಿದಾರಾ? ‘ಕಡಲ ಮೇಲಿನ’ ಅಂದರೆ ತೇಲುತ್ತಿರುವ ಹಾಗೆ ಕೇಳುತ್ತದೆ. ತೇಲುವ ಯಂತ್ರಗಳು ಬೇರೆಯೇ ಇವೆ, ಅವುಗಳಿಗೆ ಆ ಪದವನ್ನು ಉಳಿಸಿಕೊಳ್ಳಬೇಕು. ‘ಕಡಲಲ್ಲಿನ’ ಅನ್ನಬಹುದು, ಬರೀ ಎರಡು ಸಲ ಹೇಳಿದರೆ ನಾಲಿಗೆ ತೊಡರುತ್ತದೆ. (ಯಂತ್ರಕ್ಕೆ ಚಿತ್ರದುರ್ಗ, ಗದಗದ ಕಡೆ ಜನ ‘ಫ್ಯಾನು’ ಅಂತಾರೆ. ನನಗೆ ತುಂಬ ಇಷ್ಟ. ಆದರೆ ಪುಸ್ತಿಕೆಯಲ್ಲಿ ‘ಗಾಳಿಯಂತ್ರ’ ಅಂತಲೇ ಇಟ್ಟಿದ್ದೇನೆ.)

ಯಂತ್ರ ನಿಲ್ಲಿಸುವ ಜಾಗಕ್ಕೆ ಹೇಳುವ ‘ಸೈಟ್’ ಬಗ್ಗೆ ಜಾಸ್ತಿ ಹೇಳಬೇಕಾಗಿಲ್ಲ. ನಮ್ಮಲ್ಲಿ ಸೈಟ್ ಅಂದರೆ ಮೂವತ್ತು ನಲವತ್ತರದ್ದು, ಮನೆ ಕಟ್ಟುವುದಕ್ಕೆ. ಹಾಗಾಗಿ ‘ಜಾಗ’ ಅಂತ ಬರೆದಿದ್ದೆ. ಆಮೇಲೆ ನೋಡಿದರೆ ನೆದರ್ಲೆಂಡಿನವರು ಕಡಲಲ್ಲಿ ಗೆರೆ ಹಾಕಿ ಬೇರೆ ಮಾಡಿದ ಒಂದೊಂದು ತುಂಡಿಗೂ ‘ಕಾವೆಲ್’ ಅಂತಾರೆ. ಅವರಲ್ಲಿ ಮನೆ ಕಟ್ಟುವ ಸೈಟಿಗೂ ಅದೇ ಪದ! ಅವರು ಕೆಲಸ ಮಾಡುವ ರೀತಿಯೂ ಲೇಔಟ್ ಮಾಡುವ ಹಾಗೆಯೇ. ಗಾಳಿ ಎಷ್ಟು, ತಳದಲ್ಲಿ ಮರಳೋ ಜೇಡಿಯೋ, ಎಲ್ಲವನ್ನೂ ಸರಕಾರವೇ ಮೊದಲು ಅಳೆಸುತ್ತದೆ. ಆ ಲೆಕ್ಕವನ್ನು ಎಲ್ಲ ಕಂಪನಿಗಳಿಗೂ ಒಂದೇ ಸಮ ಕೊಡುತ್ತದೆ. ದಡಕ್ಕೆ ಕರೆಂಟ್ ತರುವ ವ್ಯವಸ್ಥೆಯನ್ನೂ ಸರಕಾರಿ ಗ್ರಿಡ್ ಕಂಪನಿಯೇ ಮಾಡುತ್ತದೆ. ಆಮೇಲೆ ಟೆಂಡರ್. ರಸ್ತೆ, ಚರಂಡಿ ಮಾಡಿ ಸೈಟ್ ಹಂಚಿದಂತೆ. 2016ರಲ್ಲಿ ಬೋರ್ಸೆಲೆ ಅನ್ನುವ ಕಡೆಯ ಮೊದಲ ಎರಡು ಕಾವೆಲ್ ಯೂನಿಟ್ಟಿಗೆ 7.27 ಯೂರೋ ಸೆಂಟಿಗೆ ಹೋದವು. ಎರಡೇ ವರ್ಷದಲ್ಲಿ, 2018ರಲ್ಲಿ, ಇನ್ನೊಂದು ಕಡೆಯ ಕಾವೆಲ್‌ಗಳನ್ನು ಒಂದು ಕಂಪನಿ ಸಬ್ಸಿಡಿಯೇ ಬೇಡ ಅಂತ ತೆಗೆದುಕೊಂಡಿತು. ಹಾಗಾಗಿ ‘ಸೈಟ್’ ಅನ್ನುವುದನ್ನು ಈಗ ಧೈರ್ಯವಾಗಿ ವಾಪಸ್ ತಂದಿದ್ದೇನೆ. ಬೇಡ ಅನ್ನಿಸಿದರೆ ಹೇಳಿ.

ನಿಜವಾದ ಕಷ್ಟ ‘ಗುತ್ತಿಗೆ’ಯದ್ದು.

ಕನ್ನಡದಲ್ಲಿ ಗುತ್ತಿಗೆದಾರ ಅಂದರೆ ರಸ್ತೆ ಮಾಡುವವನು, ಕಟ್ಟಡ ಕಟ್ಟುವವನು. ಕಲ್ಲು ಗಣಿ ಗುತ್ತಿಗೆ ಅಂದರೆ ಮಾತ್ರ ಜಾಗವನ್ನು ಇಷ್ಟು ವರ್ಷಕ್ಕೆ ಅಂತ ಬಿಟ್ಟುಕೊಡುವುದು. ಒಂದರಲ್ಲಿ ಸರಕಾರ ಹಣ ಕೊಡುತ್ತದೆ, ಇನ್ನೊಂದರಲ್ಲಿ ಹಣ ಪಡೆಯುತ್ತದೆ. ಬೇರೆ ಕಡೆ ಸಂದರ್ಭ ನೋಡಿ ಅರ್ಥ ಮಾಡಿಕೊಳ್ಳಬಹುದು. ಆದರೆ ಕಡಲಿನ ಗಾಳಿ ಯೋಜನೆಯಲ್ಲಿ ಎರಡೂ ಒಟ್ಟಿಗೆ ಬರುತ್ತವೆ.

ಬ್ರಿಟನ್ನಿನಲ್ಲಿ ನೋಡಿ. ಕಡಲ ತಳವನ್ನು ನೋಡಿಕೊಳ್ಳುವ ಸಂಸ್ಥೆ ಒಂದು, ಅದು ಕಂಪನಿಗೆ ತಳವನ್ನು ವರ್ಷಗಳ ಲೆಕ್ಕದಲ್ಲಿ ಕೊಡುತ್ತದೆ. ಆಮೇಲೆ ಕರೆಂಟಿಗೆ ಎಷ್ಟು ಬೆಲೆ ಅನ್ನುವುದಕ್ಕೆ ಸರಕಾರ ಬೇರೆಯೇ ಪೈಪೋಟಿ ನಡೆಸುತ್ತದೆ. 2023ರ ಸೆಪ್ಟೆಂಬರಿನಲ್ಲಿ ಆ ಎರಡನೆಯದಕ್ಕೆ ಕಡಲಿನ ಯೋಜನೆಗಳಿಂದ ಒಂದೇ ಒಂದು ಬಿಡ್ ಬರಲಿಲ್ಲ. ಸರಕಾರ ಇಟ್ಟ ಬೆಲೆಯ ಮಿತಿ ತೀರಾ ಕಡಿಮೆ ಅಂತ ಕಂಪನಿಗಳು ದೂರ ನಿಂತವು. ಈಗ ‘ಗುತ್ತಿಗೆ ಇದ್ದ ಕಂಪನಿಗಳು ಗುತ್ತಿಗೆಗೆ ಬರಲಿಲ್ಲ’ ಅಂತ ಬರೆದರೆ ಓದುವವರ ಗತಿ ಏನು?

ನಮ್ಮ ದೇಶದ್ದೂ ಹಾಗೆಯೇ. 2024ರ ಫೆಬ್ರವರಿಯಲ್ಲಿ ತಮಿಳುನಾಡಿನ ಕಡಲಿಗೆ 4 ಗಿಗಾವಾಟ್‌ನ (ಅಂದರೆ 4,000 ಮೆಗಾವಾಟ್‌ನ) ಟೆಂಡರ್ ಕರೆದರು. ಅದು ಕಡಲ ತಳಕ್ಕೆ ಮಾತ್ರ. ಕರೆಂಟನ್ನು ಯಾರಿಗೆ ಮಾರಬೇಕು ಅನ್ನುವುದು ಕಂಪನಿಯ ತಲೆನೋವು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಗುಜರಾತಿಗೆ 500 ಮೆಗಾವಾಟ್‌ನ ಟೆಂಡರ್. ಅಲ್ಲಿ ಕರೆಂಟ್ ಕೊಳ್ಳುವ ಕರಾರೂ ಇತ್ತು, ಕೇಂದ್ರದ ನೆರವೂ ಇತ್ತು. ಆ ನೆರವಿನ ಯೋಜನೆಗೆ ಜೂನ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ್ದು, ಗುಜರಾತಿಗೂ ಮುಂದೆ ತಮಿಳುನಾಡಿನಲ್ಲಿ ಬರಬೇಕಾದ ಇನ್ನೊಂದು 500 ಮೆಗಾವಾಟ್‌ಗೂ ಸೇರಿ, 7,453 ಕೋಟಿ ರೂಪಾಯಿ. ಅದರಲ್ಲಿ 600 ಕೋಟಿ ಎರಡು ಬಂದರುಗಳನ್ನು ಸರಿಮಾಡುವುದಕ್ಕೆ. ಈ ಎರಡು ಟೆಂಡರಿನ ನಡುವೆ ಇರುವ ಅಂತರ ಅಜಗಜ. ನನ್ನ ವಾಕ್ಯ ಎರಡನ್ನೂ ‘ಗುತ್ತಿಗೆ’ ಅಂತ ಒಂದೇ ಬುಟ್ಟಿಗೆ ಹಾಕಿತ್ತು. ಮಾವ ಕೇಳಿದ್ದು ಸರಿಯಾಗಿಯೇ ಇತ್ತು.

ಹಾಗಾದರೆ ತಳ ಕೊಡುವುದಕ್ಕೆ ಯಾವ ಪದ? ನಮ್ಮಲ್ಲಿ ಪದಗಳಿಗೆ ಬರವಿಲ್ಲ. ಗೇಣಿ ಇದೆ. ಕರಾವಳಿಯಲ್ಲಿ ಅದರಲ್ಲೇ ಮೂಲಗೇಣಿ, ಚಾಲಗೇಣಿ ಅಂತ ಎರಡು ಬಗೆ ಇದ್ದವು. ಒಂದು ಕಾಯಂ, ಇನ್ನೊಂದು ಒಡೆಯ ಬೇಕೆಂದಾಗ ಬಿಡಿಸಬಹುದಾದದ್ದು. ಆದರೆ ಗೇಣಿ ಅಂದಕೂಡಲೇ ಅಕ್ಕಿಮುಡಿ, ಒಡೆಯ, ಒಕ್ಕಲು, ಭೂಸುಧಾರಣೆ ಎಲ್ಲ ನೆನಪಾಗುತ್ತದೆ. ದೊಡ್ಡ ಕಂಪನಿಯನ್ನು ಗೇಣಿದಾರ ಅನ್ನಲು ಮನಸ್ಸು ಬರುವುದಿಲ್ಲ. ಧಾರವಾಡದ ಕಡೆ ಹೊಲವನ್ನು ‘ಲಾವಣಿ’ ಹಾಕಿಕೊಳ್ಳುವುದು ಅಂತಾರೆ. ದಕ್ಷಿಣದವರಿಗೆ ಅದು ಹಾಡು. ಭೋಗ್ಯ ಅಂದರೆ ಬೆಂಗಳೂರಿನಲ್ಲಿ ದುಡ್ಡು ಇಟ್ಟು ಮನೆ ಹಿಡಿಯುವುದು, ಬಿಡುವಾಗ ಆ ದುಡ್ಡು ವಾಪಸ್ ಬರುತ್ತದೆ. ಇಲ್ಲಿ ಹಾಗಲ್ಲ.

ಎರಡು ಪದಗಳು ಮಾತ್ರ ನನ್ನನ್ನು ಬಿಡುತ್ತಿಲ್ಲ. ಒಂದು, ಅಡಿಕೆ ಸೀಮೆಯ ‘ಚೇಣಿ’. ತೋಟ ಒಡೆಯನದ್ದೇ, ಫಸಲು ಮಾತ್ರ ಚೇಣಿ ಹಿಡಿದವನದ್ದು. ಗಾಳಿಯನ್ನು ಫಸಲು ಅಂದುಕೊಂಡರೆ ಎಷ್ಟು ಚೆನ್ನಾಗಿ ಕೂರುತ್ತದೆ! ಆದರೆ ಚೇಣಿ ಹಿಡಿದವನು ತೋಟದಲ್ಲಿ ಏನನ್ನೂ ಕಟ್ಟುವುದಿಲ್ಲ. ಇನ್ನೊಂದು ಕೆರೆಯ ‘ಪಾಶುವಾರು ಹಕ್ಕು’. ಊರ ಕೆರೆಯಲ್ಲಿ ಮೀನು ಹಿಡಿಯುವ ಹಕ್ಕನ್ನು ವರ್ಷಗಳ ಲೆಕ್ಕದಲ್ಲಿ ಕೊಡುತ್ತಾರಲ್ಲ, ಅದು. ನೀರು ಸರಕಾರದ್ದು, ಕೆರೆ ಊರಿನದ್ದು, ಹಕ್ಕು ಮಾತ್ರ ಒಬ್ಬರದ್ದು. ಕಡಲಿನ ಒಪ್ಪಂದದ ತಿರುಳು ಇದೇ. ಆ ಪದವನ್ನೇ ಎತ್ತಿಕೊಳ್ಳಲಾಗದು, ಅದು ಮೀನಿಗೆ ಅಂಟಿಕೊಂಡಿದೆ. ಆದರೆ ‘ಹಕ್ಕು’ ಅನ್ನುವ ಭಾಗ ನಮಗೆ ಸಾಕಲ್ವಾ? ‘ಕಡಲ ತಳದ ಹಕ್ಕು’ ಅಂತ ಒಂದಕ್ಕೆ, ‘ಕರೆಂಟ್ ಕೊಳ್ಳುವ ಕರಾರು’ ಅಂತ ಇನ್ನೊಂದಕ್ಕೆ. ಗುತ್ತಿಗೆಯನ್ನು ಕಂಬ ನಿಲ್ಲಿಸುವವರಿಗೇ ಬಿಟ್ಟುಬಿಡೋಣ. ‘ಲೀಸ್’ ಅಂತಲೇ ಬರೆದರೂ ನನಗೆ ಬೇಜಾರಿಲ್ಲ. ಸದ್ಯಕ್ಕೆ ‘ಹಕ್ಕು’ ಹೆಚ್ಚು ಹಿಡಿಸಿದೆ.

ಕೊನೆಯದು ‘ಹರಾಜು’. ಹರಾಜು ಅಂದರೆ ಕೂಗುತ್ತಾ ಬೆಲೆ ಏರಿಸುವುದು. ಇಲ್ಲಿ ಸಬ್ಸಿಡಿ ಕೇಳುವ ಕಡೆ ಬೆಲೆ ಇಳಿಯುತ್ತದೆ, ಕಡಿಮೆ ಕೇಳಿದವರಿಗೆ ಸೈಟ್. ಡೆನ್ಮಾರ್ಕಿನ ಥಾರ್ ಯೋಜನೆಯಲ್ಲಿ 2021ರಲ್ಲಿ ಬೆಲೆ ಇಳಿದು ಇಳಿದು, ಹಲವು ಕಂಪನಿಗಳು ನಿಯಮ ಒಪ್ಪುವ ಅತಿ ಕಡಿಮೆ ದರ ಬರೆದವು. ಯೂನಿಟ್ಟಿಗೆ 0.01 ಓರೆ. ಓರೆ ಅಂದರೆ ಅವರ ಪೈಸೆ. ಅವರು ಸಮ ಆದಾಗ ಚೀಟಿ ಎತ್ತಿದರು. ಗೆದ್ದ ಕಂಪನಿ ಸರಕಾರದಿಂದ ಪಡೆಯುವುದಕ್ಕಿಂತ ಸರಕಾರಕ್ಕೇ ಕೊಡುವ ಹಾಗಾಯಿತು, 280 ಕೋಟಿ ಕ್ರೋನರ್‌ವರೆಗೆ. ಮೂರು ವರ್ಷ ಕಳೆದು, 2024ರ ಡಿಸೆಂಬರಿನಲ್ಲಿ, ಅದೇ ದೇಶ ಉತ್ತರ ಸಮುದ್ರದ 3 ಗಿಗಾವಾಟ್‌ಗೆ ಟೆಂಡರ್ ಕರೆದಾಗ ಒಬ್ಬರೂ ಬರಲಿಲ್ಲ. ಇದನ್ನೆಲ್ಲ ‘ಹರಾಜು’ ಅಂತ ಬರೆದರೆ ಓದುವವರು ಏರುವ ಬೆಲೆಯನ್ನೇ ಕಲ್ಪಿಸಿಕೊಳ್ಳುತ್ತಾರೆ. ‘ಇಳಿಹರಾಜು’ ಅಂತ ಒಂದು ಪದ ಕಟ್ಟಿದ್ದೇನೆ. ಕೇಳಿದಾಕ್ಷಣ ತಿಳಿಯುತ್ತದೋ, ಸುಮ್ನೆ ಕಟ್ಟಿದ್ದು ಅನ್ನಿಸುತ್ತದೋ, ನೀವು ಹೇಳಬೇಕು. ಮಾರುಕಟ್ಟೆಯಲ್ಲಿ, ಎಪಿಎಂಸಿಯಲ್ಲಿ ಬೆಲೆ ಇಳಿಸುತ್ತಾ ಹೋಗುವುದಕ್ಕೆ ಬಳಕೆಯ ಮಾತು ಇದ್ದರೆ ಅದೇ ನನಗೆ ಬೇಕು.

ವಾಕ್ಯವನ್ನು ಈಗ ಹೀಗೆ ತಿದ್ದಿದ್ದೇನೆ: ‘ತಮಿಳುನಾಡಿನ ಕಡಲೊಳಗೆ ಗಾಳಿಯಂತ್ರ ನಿಲ್ಲಿಸಲು ಕಡಲ ತಳದ ಹಕ್ಕಿಗೆ 2024ರಲ್ಲಿ ಟೆಂಡರ್ ಕರೆದರು. ಗುಜರಾತಿನಲ್ಲಿ ಹಕ್ಕಿನ ಜೊತೆಗೆ ಕರೆಂಟ್ ಕೊಳ್ಳುವ ಕರಾರೂ ಇತ್ತು.’ ಭಾನುವಾರ ಮತ್ತೆ ಗಂಗೊಳ್ಳಿಗೆ ಹೋಗುತ್ತೇನೆ. ಅಷ್ಟರೊಳಗೆ ನಿಮ್ಮ ತಿದ್ದುಪಡಿ ಬಂದರೆ, ಅದನ್ನೂ ಸೇರಿಸಿ ಮಾವನಿಗೆ ಓದುತ್ತೇನೆ.