ಸಹಾಯ ಬೇಕು: ಜರ್ಮನಿಯಿಂದ ಏರ್ ರೈಫಲ್ ತರುವ ವಿಷಯ

ನಮಸ್ಕಾರ. ನಾನು ಉಡುಪಿಯ ಕುಂಜಿಬೆಟ್ಟಿನವನು. ಮಗಳು 10 ಮೀಟರ್ ಏರ್ ರೈಫಲ್ ಶೂಟಿಂಗ್ ಕಲಿಯುತ್ತಿದ್ದಾಳೆ. ಅವಳ ಕೈಗೆ ಸರಿಹೊಂದುವ ಮಾಡೆಲ್ ಇಲ್ಲಿ ಸಿಗುತ್ತಿಲ್ಲ. ಮಂಗಳೂರಿನ ಅಂಗಡಿಯಲ್ಲಿ ಕೇಳಿದರೆ, "ಕಂಪನಿಯವರು ಅದನ್ನು ಇಂಡಿಯಾಕ್ಕೆ ಕಳಿಸೋದೇ ಇಲ್ಲ ಮಾರಾಯ್ರೆ" ಅಂದರು. ಕಂಪನಿಗೆ ಮೇಲ್ ಹಾಕಿದೆ. ನಿಮ್ಮ ದೇಶಕ್ಕೆ ಮಾರಾಟವಿಲ್ಲ ಅಂತ ಒಂದೇ ಸಾಲಿನ ಉತ್ತರ. ಯಾಕೆ ಅಂತ ಹೇಳಿದರೆ ಇವರ ಗಂಟು ಹೋಗುತ್ತಿತ್ತಾ?

ಜರ್ಮನಿಯಲ್ಲಿರುವ ಭಾವನ ಹತ್ತಿರ ಆ ರೈಫಲ್‌ನ ಫೋಟೊ ತರಿಸಿಕೊಂಡೆ. ಐದು ಮೂಲೆಯ ಗುರುತಿನೊಳಗೆ 'ಎಫ್' ಅಂತ ಕೊರೆದಿದೆ. ಅಂದರೆ ಗುಂಡು ಹೊರಡುವಾಗಿನ ಶಕ್ತಿ 7.5 ಜೂಲ್ ಒಳಗಿನದು. ಗುಂಡು 4.5 ಎಂಎಂ. ನಮ್ಮ 2016ರ ಆರ್ಮ್ಸ್ ರೂಲ್ಸ್‌ನಲ್ಲಿ 20 ಜೂಲ್, 4.5 ಎಂಎಂ ದಾಟದ ಏರ್ ಗನ್‌ಗೆ ಲೈಸೆನ್ಸ್ ಬೇಡ, ಅಲ್ವಾ?

ಸ್ಟೇಷನ್‌ನಲ್ಲಿ ವಿಚಾರಿಸಿದಾಗ, ಇಟ್ಟುಕೊಳ್ಳಲು ತೊಂದರೆ ಇಲ್ಲ, ಹೊರಗಿಂದ ತರುವುದು ಕಸ್ಟಮ್ಸ್ ವಿಷಯ ಅಂದರು. ನನ್ನ ತಲೆ ಕೆಟ್ಟಿದ್ದು ಇಲ್ಲೇ. ಭಾವ ಡಿಸೆಂಬರ್‌ನಲ್ಲಿ ಊರಿಗೆ ಬರುತ್ತಾರೆ. ಸುಮ್ನೆ ಬ್ಯಾಗಿಗೆ ಹಾಕಿ ತಂದು ಬಜಪೆ ಏರ್‌ಪೋರ್ಟ್‌ನಲ್ಲಿ ಸಿಕ್ಕಿಬೀಳುವುದು ಬೇಡ.

ಲೈಸೆನ್ಸ್ ಬೇಡದ ಏರ್ ರೈಫಲ್‌ಗೂ ಆಮದಿಗೆ ಬೇರೆ ಅನುಮತಿ ಬೇಕಾ? ಬೇಕಾದರೆ ಯಾರ ಹತ್ತಿರ, ಯಾವ ಕಾಗದ ಮೊದಲೇ ಮಾಡಿಸಬೇಕು? ಹೀಗೆ ತಂದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.