ಲೂಪ್ ಕ್ಲೋಸಿಂಗ್‌ಗೆ 'ಸುತ್ತಿನ ತಾಳೆ' ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕ್ಯಾಮೆರಾ ಕಂಡದ್ದರಿಂದಲೇ ನಕ್ಷೆ ಕಟ್ಟುತ್ತಾ, ಅದೇ ನಕ್ಷೆಯಲ್ಲಿ ಕ್ಯಾಮೆರಾ ಎಲ್ಲಿದೆ ಎಂದೂ ಹೇಳುವ ತಂತ್ರಾಂಶಗಳ ಬಗ್ಗೆ ಕನ್ನಡದಲ್ಲಿ ಕೈಪಿಡಿ ಬರೆಯುತ್ತಿದ್ದೇನೆ. ಸದ್ಯ ಆರ್ಬ್-ಸ್ಲ್ಯಾಮ್ ಎಂಬ ಅಂಥದೊಂದು ತಂತ್ರಾಂಶ ಹಿಡಿದಿದ್ದೇನೆ. ಇದು ಸ್ಪೇನಿನ ಜರಗೋಜಾ ವಿಶ್ವವಿದ್ಯಾಲಯದವರು 2015ರಲ್ಲಿ ಹೊರತಂದದ್ದು, ಸೋರ್ಸ್ ಕೋಡ್ ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿದೆ. ಅದರೊಳಗೆ ಮೂರು ಕೆಲಸಗಳು ಒಟ್ಟಿಗೇ ನಡೆಯುತ್ತವೆ. ಮೊದಲೆರಡಕ್ಕೆ 'ಜಾಡು ಹಿಡಿಯುವುದು', 'ಸುತ್ತಮುತ್ತಲ ನಕ್ಷೆ ಕಟ್ಟುವುದು' ಎಂದು ಬರೆದುಕೊಂಡೆ. ಮೂರನೆಯದು ಲೂಪ್ ಕ್ಲೋಸಿಂಗ್. ಅಲ್ಲೇ ನಿಂತುಬಿಟ್ಟೆ.

ಅಲ್ಲಿ ಆಗುವುದು ಇಷ್ಟು. ಕ್ಯಾಮೆರಾ ಮುಂದೆ ಹೋದ ಹಾಗೆ ಚೂರು ಚೂರೇ ತಪ್ಪು ಸೇರುತ್ತಾ ಹೋಗುತ್ತದೆ. ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದರೂ ನಕ್ಷೆಯಲ್ಲಿ ಮೊದಲೂ ಕೊನೆಯೂ ಕೂಡುವುದಿಲ್ಲ. ಆಗ ತಂತ್ರಾಂಶ ಹಳೆಯ ಚಿತ್ರಗಳಲ್ಲಿ ಹುಡುಕಿ, ಇದು ಮೊದಲೇ ನೋಡಿದ ಜಾಗ ಎಂದು ಗುರುತು ಹಿಡಿಯುತ್ತದೆ. ಆಮೇಲೆ ಸೇರಿದ ತಪ್ಪನ್ನು ಇಡೀ ಸುತ್ತಿಗೆ ಹಂಚಿ ನಕ್ಷೆಯನ್ನು ತಿದ್ದುತ್ತದೆ.

'ಕುಣಿಕೆ ಮುಚ್ಚುವಿಕೆ' ಸುಮ್ನೆ ಪದಕ್ಕೆ ಪದ ಇಟ್ಟ ಹಾಗಾಗುತ್ತದೆ. ಕುಣಿಕೆ ಅಂದರೆ ಹಗ್ಗ ನೆನಪಾಗುತ್ತದೆ, ಅದನ್ನು ಬಿಗಿಯುತ್ತೇವೆ, ಮುಚ್ಚುವುದಿಲ್ಲ ಅಲ್ವಾ? 'ಸುತ್ತು ಮುಗಿಸು' ಅಂದರೆ ನಡೆದದ್ದು ಮಾತ್ರ ಬಂತು, ಗುರುತು ಹಿಡಿದದ್ದು ಬರಲಿಲ್ಲ.

ಹಾಗಾಗಿ ಲೆಕ್ಕ ಬರೆಯುವವರ 'ತಾಳೆ' ಹೊಳೆಯಿತು. 'ತಾಳೆ ನೋಡು' ಅಂದರೆ ಒಂದರ ಪಕ್ಕ ಒಂದಿಟ್ಟು ಹೋಲಿಸು. 'ತಾಳೆಯಾಯಿತು' ಅಂದರೆ ಎರಡೂ ಕಡೆ ಸರಿಹೋಯಿತು. ಇಲ್ಲಿ ಬೇಕಾಗಿರುವುದು ಇವೆರಡೇ. 'ಸುತ್ತು ತಾಳೆಯಾದ ಮೇಲೆ ನಕ್ಷೆ ನೆಟ್ಟಗಾಯಿತು' ಎಂದು ಬರೆದು ನೋಡಿದೆ, ಓದಲು ಹಿತವಾಗಿದೆ. ಒಂದೇ ಥರ ಕಾಣುವ ಎರಡು ಕಾರಿಡಾರ್‌ಗಳನ್ನು ಒಂದೇ ಎಂದುಕೊಂಡರೆ ನಕ್ಷೆಯೇ ಕೆಡುತ್ತದೆ. ಅದಕ್ಕೆ 'ತಪ್ಪು ತಾಳೆ' ಎಂಬ ಹೆಸರೂ ತಾನಾಗಿಯೇ ಸಿಕ್ಕಿತು.

ರೀಲೋಕಲೈಸೇಷನ್, ಅಂದರೆ ಕ್ಯಾಮೆರಾ ಎಲ್ಲಿದೆ ಎಂದು ಮತ್ತೆ ಕಂಡುಕೊಳ್ಳುವುದು, ಬೇರೆ. ಅದನ್ನು ಇದರೊಂದಿಗೆ ಬೆರೆಸಬಾರದು. ಅಲ್ಲೂ ನೋಡಿದ ಜಾಗವನ್ನೇ ಗುರುತಿಸುವುದು. ಆದರೆ ಅಲ್ಲಿ ಕ್ಯಾಮೆರಾ ಜಾಡು ತಪ್ಪಿಸಿಕೊಂಡಿರುತ್ತದೆ, ತಿದ್ದಲು ಸುತ್ತು ಇರುವುದಿಲ್ಲ. 'ಮರುನೆಲೆ' ಎಂದು ಇಟ್ಟಿದ್ದೇನೆ. 'ಸ್ಥಳೀಕರಣ' ಬೇಡವೆನಿಸಿತು. ತಂತ್ರಾಂಶವನ್ನು ಕನ್ನಡಕ್ಕೆ ತರುವುದಕ್ಕೆ ಆ ಪದ ಈಗಾಗಲೇ ಬಳಕೆಯಲ್ಲಿದೆ.

ನನಗಿರುವ ಅನುಮಾನ ಒಂದೇ. 'ಸುತ್ತುತಾಳೆ' ಎಂದು ಕೂಡಿಸಿ ಬರೆದರೆ ತಾಳೆಮರ ಕಣ್ಣಿಗೆ ಬರುತ್ತದೆಯೇ? ಬಿಡಿಸಿ 'ಸುತ್ತಿನ ತಾಳೆ' ಅಂದರೆ ಸಾಕೇ? ಭೂಮಿ ಅಳೆಯುವ ಸರ್ವೆಯವರೂ ಸುತ್ತು ಹಾಕಿ ಹೊರಟಲ್ಲಿಗೇ ಬಂದು ತಪ್ಪು ಹಂಚುತ್ತಾರೆ. ಅವರ ಬಾಯಲ್ಲಿ ಇದಕ್ಕೆ ಪದವಿದ್ದರೆ, ಕೇಳಿ ಗೊತ್ತಿರುವವರು ದಯವಿಟ್ಟು ತಿಳಿಸಿ.