ಥೆರಪಿಯ ಹೋಂವರ್ಕ್: ಎರಡು ಪುಟದ ಪಟ್ಟಿಯಲ್ಲಿ ಯಾವುದನ್ನು ಹಿಡಿಯಬೇಕು?

ಮುಂಬೈ ಪಕ್ಕದ ಠಾಣೆ ನಗರಕ್ಕೆ ಹೊಸದಾಗಿ ಬಂದಿರುವ ಸೋದರಿಯೊಬ್ಬರು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ತುಸು ಉದ್ದವಾಗಿಯೇ ಉತ್ತರಿಸುತ್ತಿದ್ದೇನೆ. ಮಗನಿಗೆ ನಾಲ್ಕು ವರ್ಷ, ಆಟಿಸಂ ಎಂದು ಗೊತ್ತಾಗಿದೆ. ಮಾತಿಗೆ ಸ್ಪೀಚ್ ಥೆರಪಿ, ಕೈಬಳಕೆಗೂ ದಿನನಿತ್ಯದ ಕೆಲಸಗಳಿಗೂ ಆಕ್ಯುಪೇಷನಲ್ ಥೆರಪಿ, ಎರಡೂ ನಡೆಯುತ್ತಿವೆ. ಮನೆಯಲ್ಲಿ ಮಾಡಿಸಲು ಎರಡು ಪುಟದ ಪಟ್ಟಿ ಸಿಕ್ಕಿದೆ. ಯಜಮಾನರು ರಾತ್ರಿ ಒಂಬತ್ತರ ಮೇಲೆ ಲೋಕಲ್ ರೈಲು ಇಳಿದು ಬರುವ ಮನೆಯಲ್ಲಿ ಅದರ ಕಾಲುಭಾಗವೂ ಸಾಗುತ್ತಿಲ್ಲ ಎಂಬುದು ಅವರ ಸಂಕಟ.

ತಂಗಿ, ಮುಂದಿನ ಸಲ ಆ ಪಟ್ಟಿಯನ್ನೇ ಥೆರಪಿಸ್ಟ್ ಮುಂದೆ ಇಟ್ಟು, "ಈ ತಿಂಗಳು ಇದರಲ್ಲಿ ಎರಡನ್ನಷ್ಟೇ ಮಾಡಿಸುತ್ತೇನೆ, ಯಾವ ಎರಡು ಹೇಳಿ" ಎಂದು ಕೇಳಿ. ಅವರು ಮಗುವಿನ ಜೊತೆ ನಿಮ್ಮೆದುರೇ ಅದನ್ನು ಮಾಡಿ ತೋರಿಸಲಿ. ಆಮೇಲೆ ನೀವು ಮಾಡಿ, ಅವರು ನೋಡಲಿ. ಬಾಗಿಲ ಹೊರಗೆ ಕುಳಿತು, ಕೊನೆಯ ಐದು ನಿಮಿಷದಲ್ಲಿ ವರದಿ ಕೇಳಿಸಿಕೊಂಡು ಬರುವ ಪದ್ಧತಿ ಕೆಲವು ಕಡೆ ಇದೆ. ನನಗೆ ಅದು ಸರಿ ಕಾಣುವುದಿಲ್ಲ. ವಾರದ ಉಳಿದೆಲ್ಲ ಗಂಟೆ ಮಗುವಿನ ಜೊತೆ ಇರುವವರಿಗೆ ಒಳಗೆ ನಡೆಯುವುದು ಕಾಣಲೇಬೇಕು.

ಮನೆಯಲ್ಲಿ ಇದಕ್ಕೆಂದೇ ಮೇಜು, ಕುರ್ಚಿ, ಗಂಟೆಯ ಹೊತ್ತು ಬೇಕೆಂದಿಲ್ಲ. ಮುಂಬೈನ ಒಂದು ಬೆಡ್‌ರೂಮಿನ ಮನೆಯಲ್ಲಿ ಅದಕ್ಕೆ ಜಾಗವಾದರೂ ಎಲ್ಲಿದೆ? ಸೆಂಟರಿನ ಮೇಜಿನ ಮೇಲೆ ಪ್ಲಾಸ್ಟಿಕ್ ಗುಂಡಿ ಹಾಕಲು ಕಲಿತ ಮಗು ಮನೆಯಲ್ಲಿ ತನ್ನ ಅಂಗಿಯ ಗುಂಡಿ ಕಂಡಾಗ ಸುಮ್ಮನೆ ನಿಲ್ಲುವುದುಂಟು. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆಗೆ ಒಯ್ಯುವುದೇ ಈ ಮಕ್ಕಳಲ್ಲಿ ಅನೇಕರಿಗೆ ಕಷ್ಟ. ಹಾಗಾಗಿ ಅಂಗಿಯ ಪಾಠ ಅಂಗಿ ಹಾಕುವ ಹೊತ್ತಿನಲ್ಲೇ, ಊಟದ ಪಾಠ ತಟ್ಟೆಯ ಮುಂದೆಯೇ ನಡೆಯಲಿ.

ಚಡ್ಡಿ ಹಾಕುವುದನ್ನೇ ತೆಗೆದುಕೊಳ್ಳಿ. ಮೊದಲಿನಿಂದ ಕಲಿಸಲು ಹೊರಟರೆ ಮಗು ಮೊದಲ ಕಾಲಿನಲ್ಲೇ ಸೋತು ಅಳುತ್ತದೆ. ಕೊನೆಯಿಂದ ಶುರುಮಾಡಿ. ಎರಡೂ ಕಾಲು ನೀವೇ ತೂರಿಸಿ, ಮಂಡಿ, ತೊಡೆ ದಾಟಿಸಿ ಸೊಂಟದ ಹತ್ತಿರದವರೆಗೂ ನೀವೇ ಎಳೆಯಿರಿ. ಕೊನೆಯ ನಾಲ್ಕು ಬೆರಳಿನಷ್ಟು ಎತ್ತರ ಮಾತ್ರ ಅವನು ಎಳೆಯಲಿ. ಕೆಲಸ ಮುಗಿಸಿದವನು ಅವನೇ ಆಗುತ್ತಾನೆ. ಅದು ಸಲೀಸಾದ ಮೇಲೆ ತೊಡೆಯಿಂದ, ಆಮೇಲೆ ಮಂಡಿಯಿಂದ. ಚಪ್ಪಲಿ, ಬ್ಯಾಗಿನ ಜಿಪ್, ಕೈ ತೊಳೆಯುವುದು, ಎಲ್ಲಕ್ಕೂ ಈ ಕ್ರಮ ನಡೆಯುತ್ತದೆ.

ಇದರ ಜೊತೆಗೆ ನಾವು ಬಾಯಿಯನ್ನು ಸ್ವಲ್ಪ ಕಟ್ಟಬೇಕು. "ಹಾಕು, ಎಳೆ, ಇನ್ನೂ ಎಳೆ, ಬೇಗ, ಬಸ್ ಬಂತು" ಎಂದು ನಾವು ಹೇಳುತ್ತಲೇ ಇದ್ದರೆ ಮಗು ಆ ಮಾತಿಗೇ ಕಾಯುವುದನ್ನು ಕಲಿಯುತ್ತದೆ. ಮೊಣಕೈಗೆ ಹಗುರವಾಗಿ ಬೆರಳು ತಾಗಿಸಿದರೆ ಸಾಕು. ಕೈಯ ಸಹಾಯವನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಳ್ಳಬಹುದು, ಮಾತಿನ ಸಹಾಯವನ್ನು ಬಿಡಿಸುವುದು ಅದಕ್ಕಿಂತ ಕಷ್ಟ. ಏನಾದರೂ ಕೇಳಿದಾಗಲೂ ಅಷ್ಟೆ. "ಬಾಳೆಹಣ್ಣೋ ಬಿಸ್ಕತ್ತೋ?" ಎಂದು ಎರಡನ್ನೂ ಹಿಡಿದು ತೋರಿಸಿ, ಮನಸ್ಸಿನಲ್ಲೇ ಹತ್ತು ಎಣಿಸಿ. ನಮ್ಮ ಮನೆಗಳಲ್ಲಿ ಮೂರು ಎಣಿಸುವಷ್ಟರಲ್ಲಿ ಅಜ್ಜಿ ಹಣ್ಣು ಸುಲಿದು ಬಾಯಿಗಿಟ್ಟಿರುತ್ತಾರೆ! ಕಣ್ಣು ಹಣ್ಣಿನ ಕಡೆ ಹೊರಳಿದರೂ, ಕೈ ಚಾಚಿದರೂ ಅದನ್ನು ಉತ್ತರವೆಂದೇ ಎಣಿಸಿ ಕೊಟ್ಟುಬಿಡಿ. ಮಾತು ಬಂದರಷ್ಟೇ ಕೊಡುತ್ತೇನೆ ಎಂಬ ಹಟ ಬೇಡ.

ಕೈಬೆರಳಿನ ಬಲಕ್ಕೆ ದುಬಾರಿ ಆಟಿಕೆ ತರಿಸುವವರಿದ್ದಾರೆ. ಚಪಾತಿ ಹಿಟ್ಟು ನಾದುವುದು, ಒಗೆದ ಬಟ್ಟೆಗೆ ಕ್ಲಿಪ್ ಹಾಕುವುದು, ಹಸಿ ಬಟಾಣಿ ಸುಲಿಯುವುದು ಮನೆಯಲ್ಲಿ ಹೇಗೂ ಇದ್ದೇ ಇದೆ. ದಕ್ಷಿಣ ಕನ್ನಡದವರ ಮನೆಯ ಅಟ್ಟದಲ್ಲಿ ಚೆನ್ನೆಮಣೆ ಇದ್ದರೆ ಇಳಿಸಿ: ಎರಡು ಬೆರಳಿನಲ್ಲಿ ಕಾಳು ಹಿಡಿಯುವುದು, ಗುಳಿಗೊಂದರಂತೆ ಎಣಿಸಿ ಹಾಕುವುದು, ತನ್ನ ಸರದಿಗೆ ಕಾಯುವುದು, ಎಲ್ಲವೂ ಅದರಲ್ಲಿದೆ. ಆಟದ ನಿಯಮ ಪೂರ್ತಿ ಬೇಕಿಲ್ಲ. ಕಂಡದ್ದನ್ನೆಲ್ಲ ಬಾಯಿಗೆ ಹಾಕುವ ಮಗುವಾದರೆ ಮಾತ್ರ ಸಣ್ಣ ಕಾಳು ಬೇಡವೇ ಬೇಡ.

ಮಾತು ಬರಲಿ ಎಂದು ಪೀಪಿ ಊದಿಸುವುದು, ಮೇಣದಬತ್ತಿ ಆರಿಸುವುದು ಎಲ್ಲರ ಸಲಹೆಯಲ್ಲೂ ಇರುತ್ತದೆ. ಊದುವುದರಿಂದ ಮಾತು ಸುಧಾರಿಸುತ್ತದೆ ಎನ್ನಲು ಗಟ್ಟಿ ಆಧಾರವಿಲ್ಲ. ಆಟವೆಂದು ಊದಲಿ, ಪಟ್ಟಿಯಲ್ಲಿದ್ದರೆ ಏಕೆ ಎಂದು ಕೇಳಿ. ಬೇಕಾದ್ದನ್ನು ತೋರಿಸಿ ಕೇಳಲು ಚಿತ್ರದ ಕಾರ್ಡು, ಟ್ಯಾಬ್ ಬಳಸಿದರೆ ಮಗು ಮಾತೇ ಆಡುವುದಿಲ್ಲ ಎಂಬ ಭಯಕ್ಕೂ ಆಧಾರವಿಲ್ಲ. ಕಾರ್ಡಿಗೆ ನಿಮ್ಮ ಮನೆಯದೇ ಲೋಟ, ನಿಮ್ಮ ಬಚ್ಚಲು, ನಿಮ್ಮ ಕಟ್ಟಡದ ಲಿಫ್ಟಿನ ಫೋಟೊ ತೆಗೆದು ಅಂಟಿಸಿ.

ಇನ್ನು ಭಾಷೆ. ಶಾಲೆಯಲ್ಲಿ ಇಂಗ್ಲಿಷ್, ಕೆಳಗೆ ಆಡುವ ಮಕ್ಕಳದು ಮರಾಠಿ, ಹಿಂದಿ. ಆದ್ದರಿಂದ ಮನೆಯಲ್ಲಿ ಕನ್ನಡ ನಿಲ್ಲಿಸಿ ಎಂದು ಯಾರೋ ಹೇಳಿದರಂತೆ. ಎರಡು ಭಾಷೆ ಕಿವಿಗೆ ಬಿದ್ದರೆ ಆಟಿಸಂ ಇರುವ ಮಕ್ಕಳ ಮಾತು ಇನ್ನಷ್ಟು ತಡವಾಗುತ್ತದೆ ಎಂದು ಈವರೆಗಿನ ಅಧ್ಯಯನಗಳು ತೋರಿಸಿಲ್ಲ. ಮನೆಯವರೆಲ್ಲ ಪರಸ್ಪರ ಕನ್ನಡ ಆಡುತ್ತ, ಮಗುವಿನತ್ತ ತಿರುಗಿದಾಗ ಮಾತ್ರ ತಡವರಿಸುವ ಇಂಗ್ಲಿಷ್ ಆಡಿದರೆ ಅದರ ಕಿವಿಗೆ ಬೀಳುವ ಮಾತೇ ಕಡಿಮೆಯಾಗುತ್ತದೆ. ನಿಮ್ಮಮ್ಮ ನಿಮಗೆ ಹೇಳುತ್ತಿದ್ದ ಶಿಶುಪದ್ಯವನ್ನೇ ಹೇಳಿ. ಮಗುವಿಗೆ ಪರಿಚಯವಾದ ಮೇಲೆ ಸಾಲಿನ ಕೊನೆಯ ಪದ ಬಿಟ್ಟು ಕಾಯಿರಿ. ಈ ಕೆಲಸವನ್ನು ಊರಿನಿಂದ ಬರುವ ಅಜ್ಜಿಗೇ ಒಪ್ಪಿಸಿದರೆ ಹಣ್ಣು ಸುಲಿದು ಬಾಯಿಗಿಡುವ ಅವರ ಆತುರವೂ ತುಸು ತಗ್ಗೀತು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪರೀಕ್ಷೆಗಳೂ ಕಲಿಕೆಯ ಸಾಮಗ್ರಿಯೂ ಇವೆ. ರಜೆಗೆ ಊರಿಗೆ ಹೋದಾಗ ಒಮ್ಮೆ ತೋರಿಸಿ ಬರಬಹುದು. ಇಲ್ಲಿ ಬಾಂದ್ರಾ ರಿಕ್ಲಮೇಷನ್‌ನಲ್ಲಿ ಕೇಂದ್ರ ಸರ್ಕಾರದ್ದೇ ಅಲಿ ಯಾವರ್ ಜಂಗ್ ವಾಕ್ ಶ್ರವಣ ಸಂಸ್ಥೆ ಇದೆ.

ಕಾಗದಪತ್ರದ ಬಗ್ಗೆ ಚುಟುಕಾಗಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಸ್ಥಿತಿಗಳಲ್ಲಿ ಆಟಿಸಂ ಕೂಡ ಇದೆ. ವಿಕಲಚೇತನರ ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಬೀಳುತ್ತದೆ ಎಂದು ಹಿಂಜರಿಯುವವರು ನಮ್ಮಲ್ಲೇ ಅನೇಕರಿದ್ದಾರೆ. ಅದಿಲ್ಲದೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್ ನಡೆಸುವ ನಿರಾಮಯ ಆರೋಗ್ಯ ವಿಮೆಯೂ ಇಲ್ಲ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಆ ವಿಮೆಯಲ್ಲಿ ಥೆರಪಿಗೂ ಒಂದು ಪಾಲು ಸಿಗುತ್ತದೆ. ಹಳೆಯ ಪದ್ಧತಿಯಲ್ಲಿ ಆದಾಯ ತೆರಿಗೆ ಕಟ್ಟುವವರಿಗೆ (1961ರ ಕಾಯ್ದೆಯಲ್ಲಿ 80ಡಿಡಿ ಎಂಬ ಕಲಂ) ತೆರಿಗೆಗೆ ಒಳಪಡುವ ಆದಾಯದಲ್ಲಿ 75,000 ರೂಪಾಯಿ, ತೀವ್ರ ಪ್ರಮಾಣವಾದರೆ 1,25,000 ರೂಪಾಯಿ ಕಡಿತವಿದೆ. ಲೋಕಲ್‌ನಲ್ಲಿ ವಿಕಲಚೇತನರಿಗೆಂದು ಇರುವ ಡಬ್ಬಿಗೂ ಈ ಕಾಗದವೇ ಆಧಾರ. ಸಂಜೆಯ ನೂಕುನುಗ್ಗಲು, ಗದ್ದಲ ತಡೆಯಲಾರದ ಮಗುವಿಗೆ ಅದು ಸಣ್ಣ ಅನುಕೂಲವಲ್ಲ.

ಠಾಣೆ, ಮುಲುಂಡ್, ಭಾಂಡುಪ್ ಕಡೆ ಕನ್ನಡ ಬಲ್ಲ ಸ್ಪೀಚ್ ಥೆರಪಿಸ್ಟ್ ಯಾರಾದರೂ ಗೊತ್ತಿದ್ದರೆ ದಯವಿಟ್ಟು ಇಲ್ಲೇ ತಿಳಿಸಿ. ಈ ತಂಗಿಯ ಜೊತೆ ಇನ್ನೂ ಇಬ್ಬರು ಕೇಳುತ್ತಿದ್ದಾರೆ.